ಚೀಟಿ ಕಟ್ಟಿದ ಅಣಬೆ

ನಮ್ಮ ಭಾವ ಒಳ್ಳೆಯ ಮನುಷ್ಯ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕಥೆ ಶುರುವಾದ ಮೇಲೆ ಹೇಳಿದರೆ ನೀವು ನಂಬುತ್ತೀರೋ ಇಲ್ಲವೋ.

ಅವರು ಬಸ್ ನಿಲ್ದಾಣದ ಹಿಂಭಾಗದಲ್ಲಿರುವ ಕಳೆದುಹೋದ ವಸ್ತುಗಳ ಕೊಠಡಿಯ ಗುಮಾಸ್ತರು. ಜನ ಬಸ್ಸಿನಲ್ಲಿ ಮರೆತುಹೋದ ಕೊಡೆ, ಚೀಲ, ಕನ್ನಡಕ, ಒಂಟಿ ಚಪ್ಪಲಿ, ಒಮ್ಮೆ ಒಂದು ಹಲ್ಲಿನ ಸೆಟ್ಟು, ಎಲ್ಲವೂ ಬಂದು ಸೇರುವುದು ಅವರ ಮೇಜಿನ ಮೇಲೆ. ಬಂದದ್ದಕ್ಕೆಲ್ಲ ಅವರು ಒಂದು ರಟ್ಟಿನ ಚೀಟಿ ಕಟ್ಟುತ್ತಾರೆ. ಚೀಟಿಯ ಮೇಲೆ ಸಾರಿಗೆ ಇಲಾಖೆಯ ಮುದ್ರೆ, ಅಚ್ಚಾದ ಕ್ರಮಸಂಖ್ಯೆ, ದಾರ ಪೋಣಿಸಲು ಒಂದು ತೂತು. ಇಲಾಖೆಯ ನಿಯಮ ಬಹಳ ಸರಳ. ಪುಸ್ತಕದಿಂದ ಹರಿದ ಪ್ರತಿಯೊಂದು ಚೀಟಿಗೂ ಕಪಾಟಿನಲ್ಲಿ ಒಂದು ವಸ್ತು ಇರಬೇಕು, ಇಲ್ಲವೇ ಅದನ್ನು ತೆಗೆದುಕೊಂಡು ಹೋದ ವಾರಸುದಾರರ ಸಹಿ ಇರಬೇಕು. ಮೂರನೆಯ ದಾರಿ ಇಲ್ಲ. ಇಪ್ಪತ್ತೆರಡು ವರ್ಷದಲ್ಲಿ ಭಾವನ ಒಂದೇ ಒಂದು ಚೀಟಿಯೂ ಲೆಕ್ಕ ತಪ್ಪಿರಲಿಲ್ಲ.

ಈ ಅಭ್ಯಾಸ ಮನೆಗೂ ಬಂದಿತ್ತು. ಮನೆಯಲ್ಲಿ ಯಾವ ವಸ್ತು ತನ್ನ ಜಾಗದಲ್ಲಿಲ್ಲದಿದ್ದರೂ ಭಾವ ಸೋಪಿನ ಡಬ್ಬದ ರಟ್ಟು ಕತ್ತರಿಸಿ ಚೀಟಿ ಕಟ್ಟುತ್ತಿದ್ದರು. ಅಡುಗೆಮನೆಯ ಸೌಟು ಹಜಾರದಲ್ಲಿ ಸಿಕ್ಕರೆ ಅದಕ್ಕೊಂದು ಚೀಟಿ. ಒಂದು ಸಲ ಅಕ್ಕ ಕುರ್ಚಿಯಲ್ಲಿ ಕೂತಲ್ಲೇ ನಿದ್ದೆ ಹೋಗಿದ್ದಳು. ಎದ್ದಾಗ ಮಣಿಕಟ್ಟಿನಲ್ಲಿ ದಾರವಿತ್ತು. ಬೀದಿಯವರು ಭಾವನನ್ನು ಚೀಟಿರಾಯರು ಎಂದು ಕರೆಯುತ್ತಿದ್ದುದರಲ್ಲಿ ತಪ್ಪೇನೂ ಇಲ್ಲ. ನನ್ನ ಗಡಿಯಾರ ರಿಪೇರಿ ಅಂಗಡಿ ಇರುವುದು ಅಕ್ಕನ ಮನೆಯ ಮುಂದಿನ ಕೋಣೆಯಲ್ಲೇ. ಆದ್ದರಿಂದ ಇಲ್ಲಿ ಹೇಳುವುದೆಲ್ಲ ನಾನು ಕಣ್ಣಾರೆ ಕಂಡದ್ದು, ಉಳಿದದ್ದು ಗೋಡೆಯ ಮೂಲಕವೋ ಭಾವನ ಬಾಯಿಂದಲೋ ಕೇಳಿದ್ದು.

ಗೋಡೆಯ ಮೂಲಕ ಅತಿ ಹೆಚ್ಚು ಕೇಳಿಸುತ್ತಿದ್ದದ್ದು ಕೊರಡಿನ ವಿಷಯ. ಹನ್ನೊಂದು ವರ್ಷದ ಹಿಂದೆ ಗಾಳಿಗೆ ಹಿತ್ತಲಿನ ಮರ ಉರುಳಿತ್ತು. ಕೊಂಬೆಗಳನ್ನೆಲ್ಲ ಯಾರು ಯಾರೋ ಒಯ್ದರು. ದಪ್ಪ ಕೊರಡೊಂದು ಮಾತ್ರ ಹಿತ್ತಲ ನಟ್ಟನಡುವೆ ಉಳಿಯಿತು. ‘ಭಾನುವಾರ ಕಡಿದು ಹಾಕ್ತೀನಿ’ ಎಂದು ಭಾವ ಅಂದೇ ಹೇಳಿದ್ದರು. ಯಾವ ಭಾನುವಾರ ಎಂದು ಅಕ್ಕ ಕೇಳಲಿಲ್ಲ. ಅದೇ ಅವಳು ಮಾಡಿದ ತಪ್ಪು.

ಕಳೆದ ಭಾನುವಾರ ಅಕ್ಕನ ಸಹನೆ ಮುಗಿಯಿತು. ಕೊಡಲಿಯನ್ನು ತಂದು ಭಾವನ ಕೈಯಲ್ಲಿಟ್ಟು, ಹಿತ್ತಲ ಬಾಗಿಲು ತೆರೆದು, ಅವರನ್ನು ಹೊರಗೆ ಬಿಟ್ಟು, ಒಳಗಿನಿಂದ ಚಿಲಕ ಹಾಕಿಕೊಂಡಳು. ಐದು ನಿಮಿಷ ಕೊಡಲಿಯ ಒಂದು ಏಟೂ ಬೀಳಲಿಲ್ಲ. ಆಮೇಲೆ ಭಾವನ ಕೂಗು ಕೇಳಿಸಿತು.

“ಏ, ಬೇಗ ಬಾರೇ ಇಲ್ಲಿ! ನೀನೂ ಬಾರೋ!”

ನಾನು ಒಂದು ಗಡಿಯಾರದ ಹೊಟ್ಟೆ ತೆರೆದಿಟ್ಟು ಓಡಿದೆ. ಕೊರಡಿನ ಪಕ್ಕೆಯಲ್ಲಿ, ತೊಗಟೆ ಕೊಳೆತು ಬಾಯಿ ಬಿಟ್ಟಿದ್ದ ಕಡೆ, ಅಣಬೆಗಳು ಎದ್ದಿದ್ದವು. ಒಂದೇ ಬುಡದಿಂದ ಗೊಂಚಲಾಗಿ ಎದ್ದು, ಒಂದರ ಭುಜದ ಮೇಲೆ ಒಂದು ತಲೆಯಿಟ್ಟು ನಿಂತಿದ್ದವು. ಜೇನಿನ ಬಣ್ಣದ ಟೋಪಿ, ಅಂಚು ತೆಳು ಹಳದಿ, ಕೆಳಗೆ ಬಿಳಿ ಕಾಲು. ನಿಜ ಹೇಳಬೇಕೆಂದರೆ ಬಹಳ ಚೆನ್ನಾಗಿದ್ದವು. ರಾತ್ರಿ ಅಲ್ಲಿ ಏನೂ ಇರಲಿಲ್ಲ ಎಂದು ಅಕ್ಕ ಆಣೆ ಮಾಡಿ ಹೇಳಿದಳು.

ಗೋಡೆಯಾಚೆಯಿಂದ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಇಣುಕಿದರು. ಪಾಠ ಹೇಳಲು ಅವಕಾಶ ಸಿಕ್ಕಿ ವರ್ಷಗಳೇ ಆಗಿದ್ದವು.

“ಮುಟ್ಟಬೇಡಿ, ತಿನ್ನಲೂಬೇಡಿ! ಯಾವುದು ವಿಷ, ಯಾವುದಲ್ಲ ಅಂತ ನೋಡಿ ಹೇಳೋಕೆ ನನಗೂ ಬರಲ್ಲ, ನಿಮಗಂತೂ ಬರೋದೇ ಇಲ್ಲ. ಆದ್ರೆ ಒಂದು ಮಾತು ಹೇಳ್ತೀನಿ ಕೇಳಿ. ಇವು ಸತ್ತ ಮರಾನ ತಿಂದು ಮಣ್ಣು ಮಾಡ್ತವೆ.”

ಭಾವನ ಮುಖ ಅರಳಿತು. “ಅಂದ್ರೆ ನಾನು ಮಾಡ್ಬೇಕಾದ ಕೆಲಸಾನ ಇವೇ ಮಾಡ್ತಿವೆ! ನೋಡಿದ್ಯೇನೇ? ಕೆಲಸ ಶುರುವಾಗಿಬಿಟ್ಟಿದೆ.”

“ಯಾವಾಗ ಮುಗಿಯುತ್ತೆ ಅಂತ ಕೇಳಿ,” ಎಂದಳು ಅಕ್ಕ.

ಮೇಷ್ಟ್ರು ಕೊರಡನ್ನು ಅಳೆದು ನೋಡಿದರು. “ಒಂದು ಹದಿನೈದು ವರ್ಷ ಹಿಡೀಬಹುದು.”

ಅಕ್ಕ ಒಳಗೆ ಹೋಗಿ ಪಾತ್ರೆಗಳ ಜೊತೆ ಮಾತಾಡತೊಡಗಿದಳು. ಭಾವ ಮಾತ್ರ ಅಲ್ಲೇ ನಿಂತಿದ್ದರು. ಎಲ್ಲಿಂದ ಬಂತೋ ತಿಳಿಯದ, ಯಾರದೋ ತಿಳಿಯದ ವಸ್ತು ಎದುರಿಗೆ ಬಂದಾಗ ಅವರ ಕೈ ತಾನಾಗಿಯೇ ಜೇಬಿಗೆ ಹೋಗುತ್ತದೆ, ಅದನ್ನು ಅವರ ತಲೆ ತಡೆಯುವುದಿಲ್ಲ. ಅಣಬೆಗಳನ್ನು ಎಣಿಸಿದರು. ‘ಅಣಬೆ, ಗೊಂಚಲು ಒಂದು, ಸಂಖ್ಯೆ ಹದಿನೇಳು, ಕೊರಡಿನ ಮೇಲೆ ಇರುವಂತೆ’ ಎಂದು ಬರೆದು, ಸಹಿ ಹಾಕಿ, ದಾರ ಬಿಗಿದು ಗಂಟು ಹಾಕಿದರು. ಆಮೇಲೆ ಕೈ ಒರೆಸಿಕೊಂಡು ಬಂದು ಹೊಟ್ಟೆ ತುಂಬ ಊಟ ಮಾಡಿ ಮಲಗಿದರು.

ಸೋಮವಾರ ಬೆಳಗ್ಗೆ ಭಾವ ಕೆಲಸಕ್ಕೆ ಹೋದ ಅರ್ಧ ಗಂಟೆಗೆ ಕಸದ ಲಾರಿ ಬಂತು. ಅಕ್ಕ ಯಾರಿಗೂ ಹೇಳದೆ ನಗರಸಭೆಗೆ ದೂರು ಕೊಟ್ಟಿದ್ದಳು. ಲಾರಿಯ ಮೇಲ್ವಿಚಾರಕ ನಾಲ್ಕು ಜನರನ್ನು ಕರೆದುಕೊಂಡು ಜಬರ್ದಸ್ತಾಗಿ ಹಿತ್ತಲಿಗೆ ನುಗ್ಗಿದ. ಹಗ್ಗ ಹಾಕಿ ಎಂದ. ಬಗ್ಗಿ ನೋಡಿದ. ನೆಟ್ಟಗೆ ನಿಂತುಬಿಟ್ಟ.

“ಅಮ್ಮಾ, ಇದಕ್ಕೆ ಮುದ್ರೆ ಬಿದ್ದಿದೆ.”

“ಯಾವ ಮುದ್ರೆ?”

“ಸಾರಿಗೆ ಇಲಾಖೆ ಮುದ್ರೆ. ನಂಬರು ಬೇರೆ ಇದೆ. ಎರಡು ಸಾವಿರದ ಮುನ್ನೂರ ಆರು. ಇದು ಈಗ ಇಲಾಖೆ ಸ್ವತ್ತು, ನಾವು ಮುಟ್ಟಿದ್ರೆ ನಮ್ಮ ಕೆಲಸ ಹೋಗುತ್ತೆ.”

“ಅಯ್ಯೋ, ಅದು ನಮ್ಮ ಮನೆಯವರು ಕಟ್ಟಿರೋದಪ್ಪಾ! ಅವರು ಸೌಟಿಗೂ ಕಟ್ತಾರೆ!”

“ಸೌಟಿಗೆ ಕಟ್ಟಿದ್ರೂ ನಾನು ಮುಟ್ಟಲ್ಲಮ್ಮ,” ಎಂದು ಕೈಮುಗಿದ. ಅವನು ಕೈಮುಗಿದದ್ದು ಅಕ್ಕನಿಗಲ್ಲ, ಕೊರಡಿಗೆ. ಲಾರಿ ಹಿಂದಕ್ಕೆ ಹೋಯಿತು. ಅಕ್ಕನ ಕಣ್ಣು ಕೆಂಡವಾಗಿತ್ತು. ನಾನು ಅಂಗಡಿಗೆ ಹೋಗಿ ತುರ್ತಾಗಿ ರಿಪೇರಿ ಮಾಡಬೇಕಾದ ಗಡಿಯಾರವೊಂದನ್ನು ಹುಡುಕತೊಡಗಿದೆ.

ಮಧ್ಯಾಹ್ನ ಭಾವ ಓಡುತ್ತಾ ಬಂದರು. ಮನುಷ್ಯನ ಮೈಯಲ್ಲಿ ಅಷ್ಟು ಬೆವರು ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ನೇರ ಹಿತ್ತಲಿಗೆ ಹೋಗಿ, ಚೀಟಿ ನೋಡಿ, ತಲೆಯ ಮೇಲೆ ಕೈ ಹೊತ್ತು ಕೊರಡಿನ ಮೇಲೇ ಕೂತರು. ಭಾನುವಾರ ಸೋಪಿನ ಡಬ್ಬದ ರಟ್ಟು ಎಂದುಕೊಂಡು, ಜೇಬಿನಲ್ಲೇ ಉಳಿದಿದ್ದ ಇಲಾಖೆಯ ಪುಸ್ತಕದಿಂದಲೇ ಚೀಟಿ ಹರಿದಿದ್ದರು.

“ಹರಿದ ಚೀಟೀನ ಹರಿದು ಎಸೆದುಬಿಡಿ ಭಾವ,” ಎಂದೆ.

ಸ್ಮಶಾನದಲ್ಲಿ ಹಾಡು ಹೇಳಿದವನನ್ನು ನೋಡುವಂತೆ ಅವರು ನನ್ನನ್ನು ನೋಡಿದರು. “ಗುರುವಾರ ತಪಾಸಣೆ ಕಣೋ. ಯಾರು ಬರ್ತಿದ್ದಾರೆ ಗೊತ್ತಾ? ಇನ್ನೊಂದು ಡಿಪೋದಲ್ಲಿ ಬಾಚಣಿಗೆಯ ಹಲ್ಲು ಎಣಿಸಿದ್ರಲ್ಲ, ಅವರು! ಒಂದು ಹಲ್ಲು ಕಮ್ಮಿ ಇತ್ತು ಅಂತ ಆ ಗುಮಾಸ್ತನನ್ನ ಊರಾಚೆ ಹಳೇ ಟೈರ್ ಗೋದಾಮಿಗೆ ಹಾಕಿದ್ರು. ಎರಡು ಸಾವಿರದ ಮುನ್ನೂರ ಆರು ಎಲ್ಲಿ ಅಂದ್ರೆ ನಾನೇನು ಹೇಳ್ಲಿ?”

ಟೈರ್ ಗೋದಾಮು ಎಂದರೆ ಭಾವ ಯಾಕೆ ಅಷ್ಟು ಹೆದರಿದರು ಎಂದು ಹೇಳಬೇಕು. ಸಂಬಳ ಎರಡೂ ಕಡೆ ಒಂದೇ. ಆದರೆ ಕಳೆದುಕೊಂಡದ್ದು ಕೈಗೆ ಬಂದಾಗ ಮನುಷ್ಯರ ಮುಖ ಹೇಗಾಗುತ್ತದೆ ಎನ್ನುವುದನ್ನು ನೋಡಲೆಂದೇ ಭಾವ ಬದುಕುತ್ತಿದ್ದರು. ಮುದುಕಿಯೊಬ್ಬಳಿಗೆ ಹಳೆಯ ಕೊಡೆ ಸಿಕ್ಕಿದರೆ ಅವಳು ಅಳುವ ಮೊದಲೇ ಇವರು ಅಳುತ್ತಿದ್ದರು. ಅದಕ್ಕೆಂದೇ ಮೇಜಿನ ಡ್ರಾಯರಿನಲ್ಲಿ ಬೇರೆ ಕರವಸ್ತ್ರವಿತ್ತು. ಹಳೇ ಟೈರು ಕಳೆದುಹೋಯಿತೆಂದು ಹುಡುಕಿಕೊಂಡು ಬಂದು ಎದೆಗಪ್ಪಿಕೊಳ್ಳುವವರು ಯಾರಿದ್ದಾರೆ? ಆ ಗೋದಾಮಿನಲ್ಲಿ ನಮ್ಮ ಭಾವ ಒಂದು ವರ್ಷಕ್ಕೆ ಮುದುಕರಾಗಿಬಿಡುತ್ತಿದ್ದರು. ಇದು ತಮಾಷೆಯ ಮಾತಲ್ಲ.

“ಹಾಗಾದ್ರೆ ಅಣಬೆ ಕಿತ್ತು ತಗೊಂಡು ಹೋಗಿ ಕಪಾಟಿನಲ್ಲಿಡಿ,” ಎಂದೆ.

“‘ಕೊರಡಿನ ಮೇಲೆ ಇರುವಂತೆ’ ಅಂತ ಬರೆದಿದ್ದೀನಲ್ಲೋ!”

ಅಕ್ಕ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಅವಳ ಮುಖದಲ್ಲಿ ಕೆಂಡ ಹೋಗಿ ನಿಧಾನವಾಗಿ ಬೆಳಕು ಬಂತು.

“ಅಂದ್ರೆ ಕೊರಡು ಪೂರ್ತಿ ಆಫೀಸಿಗೆ ಹೋಗಬೇಕು ಅನ್ನಿ.”

“ಹೌದು ಕಣೆ.”

“ಇವತ್ತೇ?”

“ಇವತ್ತೇ.”

ಹನ್ನೊಂದು ವರ್ಷ ಅಲುಗಾಡದ ಕೊರಡು ಇಪ್ಪತ್ತು ನಿಮಿಷದಲ್ಲಿ ತಳ್ಳುಗಾಡಿಯ ಮೇಲಿತ್ತು. ಅಕ್ಕ ಸೆರಗು ಸಿಕ್ಕಿಸಿ ತಾನೇ ಭುಜ ಕೊಟ್ಟಳು. ಅಣಬೆ ಬಾಡದಿರಲೆಂದು ಒದ್ದೆ ಗೋಣಿಚೀಲ ಹೊದಿಸಿದಳು. ಗಾಡಿ ಹೊರಟಾಗ ಭಾವ ಮುಂದೆ, ನಾನು ಹಿಂದೆ, ಮೇಷ್ಟ್ರು ಪಕ್ಕದಲ್ಲಿ. ಗೋಣಿ ಹೊದಿಸಿದ ಉದ್ದನೆಯ ಆಕಾರ ನೋಡಿ ದಾರಿಯಲ್ಲಿ ಇಬ್ಬರು ಟೋಪಿ ತೆಗೆದರು, ಒಬ್ಬಾಕೆ ‘ಪಾಪ, ವಯಸ್ಸೆಷ್ಟಾಗಿತ್ತು?’ ಎಂದು ಕೇಳಿದಳು. ‘ಹನ್ನೊಂದು,’ ಎಂದರು ಭಾವ ದುಃಖದಿಂದ. ಆಕೆ ಅಲ್ಲೇ ಅತ್ತುಬಿಟ್ಟಳು.

ಕೊರಡು ಒಂಬತ್ತನೇ ಕಪಾಟಿನ ಕೆಳಗಿನ ಹಲಗೆಯಲ್ಲಿ, ಒಂದು ತಬಲ ಮತ್ತು ನಾಲ್ಕು ಸೂಟ್‌ಕೇಸುಗಳ ನಡುವೆ ಕೂತಿತು. ಅಲ್ಲಿಗೆ ಮುಗಿಯಿತೆಂದು ನಾವು ನಂಬಿದೆವು. ಆ ಕೊಠಡಿಗೆ ಕಿಟಕಿಯಿಲ್ಲ, ಗೋಡೆ ತೇವ, ಮೇಲೆ ಒದ್ದೆ ಗೋಣಿ. ಅಣಬೆಗಳಿಗೆ ಇದಕ್ಕಿಂತ ಒಳ್ಳೆಯ ಸರ್ಕಾರಿ ಸೌಲಭ್ಯ ಎಲ್ಲಿ ಸಿಗಬೇಕು? ಮಂಗಳವಾರ ಬೆಳಗ್ಗೆ ಭಾವ ಎಣಿಸಿದಾಗ ಇಪ್ಪತ್ತೆರಡು ಇದ್ದವು. ಸಂಜೆಗೆ ಇಪ್ಪತ್ತೇಳು. ಬುಧವಾರ ಮೂವತ್ತೊಂದು.

ಕೊಠಡಿ ಗುಡಿಸುವ ಹೆಂಗಸು ಪೊರಕೆಯ ಮೇಲೆ ಗಲ್ಲವಿಟ್ಟು ನೋಡಿದಳು. “ಹೆಚ್ಚಾಗಿರೋ ಹದಿನಾಲ್ಕನ್ನ ಕಿತ್ತು ಬಿಸಾಕಿ ಸಾರ್.”

“ಯಾವ ಹದಿನಾಲ್ಕಮ್ಮ? ಜಮಾ ಆಗಿರೋ ಹದಿನೇಳು ಯಾವುವು ಅಂತ ನಿನಗೆ ಗೊತ್ತಾ? ತಪ್ಪಿ ಒಂದು ಹಳೇದನ್ನ ಕಿತ್ತರೆ ಇಲಾಖೆ ಸ್ವತ್ತು ನಾಶ ಮಾಡಿದ ಹಾಗಾಗುತ್ತೆ!”

“ಮುಖ ನೋಡಿದ್ರೆ ಗೊತ್ತಾಗಲ್ವಾ?”

ಇಬ್ಬರೂ ನೆಲದ ಮೇಲೆ ಕೂತು ಒಂದೊಂದೇ ಅಣಬೆಯ ಮುಖ ನೋಡಿದರು. ಗೊತ್ತಾಗಲಿಲ್ಲ.

ಬುಧವಾರ ಸಂಜೆ ಮನೆಯಲ್ಲಿ ಸಮಾಲೋಚನೆ ನಡೆಯಿತು. ಮೇಷ್ಟ್ರು ಧಾರಾಳಿ. “ನಾನೇ ಬಂದು ಕೊರಡು ನಂದು ಅಂತ ಸಹಿ ಹಾಕಿ ತಗೊಂಡು ಹೋಗ್ತೀನಿ ಬಿಡಿ. ಚೀಟಿ ಮುಗಿದುಹೋಗುತ್ತೆ.”

“ಸುಳ್ಳು ವಾರಸುದಾರರಿಗೆ ನಾನು ಒಂದು ಅಂಗಿ ಗುಂಡಿಯನ್ನೂ ಕೊಟ್ಟಿಲ್ಲ ಮೇಷ್ಟ್ರೇ. ನಿಜವಾದವರೇ ಬರಬೇಕು,” ಎಂದರು ಭಾವ.

ಮನೆ ಇರುವುದು ಅಕ್ಕನ ಹೆಸರಿನಲ್ಲಿ. ಅಪ್ಪ ಅವಳಿಗೆ ಬರೆದುಕೊಟ್ಟದ್ದು. ಹಿತ್ತಲೂ ಅವಳದೇ, ಹಿತ್ತಲಲ್ಲಿ ಬಿದ್ದದ್ದೂ ಅವಳದೇ. ನಾನು ಬಾಯಿ ತೆರೆಯುವಷ್ಟರಲ್ಲಿ ಭಾವ ಮೇಜಿನ ಕೆಳಗೆ ನನ್ನ ಕಾಲು ತುಳಿದರು. ಆಮೇಲೆ ಅಂಗಡಿಗೆ ಬಂದು ಬಾಗಿಲು ಮುಚ್ಚಿ ಹೇಳಿದರು.

“ಅವಳೇ ವಾರಸುದಾರಳು ಅಂತ ಅವಳಿಗೆ ಹೇಳಬೇಡ ಕಣೋ. ಹಿತ್ತಲು ನೋಡಿದ್ಯಾ?”

ನೋಡಿದ್ದೆ. ಕೊರಡಿದ್ದ ಜಾಗವನ್ನು ಗುಡಿಸಿ, ನೀರು ಹಾಕಿ, ಅಕ್ಕ ಅಲ್ಲೊಂದು ಕುರ್ಚಿ ಇಟ್ಟಿದ್ದಳು. ಮೂರು ದಿನದಿಂದ ಸಂಜೆ ಅಲ್ಲಿ ಕಾಲು ಚಾಚಿ ಕೂರುತ್ತಿದ್ದಳು. ಒಮ್ಮೆ ಗುನುಗುತ್ತಿದ್ದುದೂ ಕೇಳಿಸಿತ್ತು.

“ಹನ್ನೊಂದು ವರ್ಷ ಬೇಡಿಕೊಂಡಳು. ಈಗ ಕುರ್ಚಿ ಹಾಕ್ಕೊಂಡು ನಗ್ತಾ ಕೂತಿದ್ದಾಳೆ. ಅದನ್ನ ವಾಪಸ್ ತಗೋ ಅಂತ ನಾನು ಯಾವ ಬಾಯಲ್ಲಿ ಹೇಳ್ಲಿ? ಟೈರ್ ಗೋದಾಮು ಅಷ್ಟು ಕೆಟ್ಟದ್ದೇನೂ ಅಲ್ವಂತೆ. ನೆರಳಿರುತ್ತಂತೆ,” ಎಂದು ಭಾವ ಮೂಗು ಒರೆಸಿಕೊಂಡರು. ನನಗೆ ಅವರ ಮೇಲೆ ಸಿಟ್ಟು ಬಂತು, ಆದರೂ ಗಡಿಯಾರ ಒರೆಸುವ ಬಟ್ಟೆಯನ್ನು ಅವರ ಕೈಗೆ ಕೊಟ್ಟೆ.

ಗುರುವಾರ ಭಾವ ಊಟದ ಡಬ್ಬಿಯನ್ನು ಮನೆಯಲ್ಲೇ ಮರೆತುಹೋದರು. ಅಕ್ಕ ನನ್ನನ್ನೂ ಎಬ್ಬಿಸಿಕೊಂಡು ಬಸ್ ನಿಲ್ದಾಣಕ್ಕೆ ಹೊರಟಳು. ನಾವು ಕೊಠಡಿಯ ಬಾಗಿಲಿಗೆ ಬಂದಾಗ ತಪಾಸಣಾಧಿಕಾರಿಗಳು ಒಂಬತ್ತನೇ ಕಪಾಟಿನ ಮುಂದೆ ಮಂಡಿಯೂರಿ, ಭೂತಗನ್ನಡಿ ಹಿಡಿದು ಎಣಿಸುತ್ತಿದ್ದರು. ಸಣಕಲು ದೇಹ, ಇಸ್ತ್ರಿಯ ಅಂಗಿ, ಎರಡು ಪೆನ್ನು.

“ಮೂವತ್ತೈದು, ಮೂವತ್ತಾರು. ಚೀಟಿಯಲ್ಲಿ ಹದಿನೇಳು. ಏನ್ರೀ ಇದು?”

“ಬೆಳೀತು ಸಾರ್.”

“ಏನು?”

“ತಾನಾಗೇ ಬೆಳೀತು ಸಾರ್.”

ಅಧಿಕಾರಿಗಳು ಎದ್ದು ನಿಂತರು. “ನನ್ನ ಇಪ್ಪತ್ತೊಂಬತ್ತು ವರ್ಷದ ಸೇವೆಯಲ್ಲಿ ಸ್ವತ್ತು ಕಮ್ಮಿಯಾಗಿರೋದನ್ನ ನೋಡಿದ್ದೀನಿ. ಕದ್ದವರು, ಮುರಿದವರು, ತಿಂದವರು, ಎಲ್ಲರನ್ನೂ ನೋಡಿದ್ದೀನಿ. ಹೆಚ್ಚಾಗಿರೋದು ಇದೇ ಮೊದಲು. ನನ್ನ ನಮೂನೆಯಲ್ಲಿ ಹೆಚ್ಚಾದದ್ದಕ್ಕೆ ಕಾಲಮ್ಮೇ ಇಲ್ಲ! ಇಲಾಖೆಯ ಕೊಠಡಿಯಲ್ಲಿ ಬೇಸಾಯ ಮಾಡ್ತಿದ್ದೀರಾ?”

“ಇಲ್ಲ ಸಾರ್.”

“ಗೋಣಿ ಒದ್ದೆ ಮಾಡಿದ್ದು ಯಾರು?”

ಭಾವ ತಲೆ ತಗ್ಗಿಸಿದರು. ಗೋಣಿ ಒದ್ದೆ ಮಾಡಿದ್ದು ಅಕ್ಕ. ಅದನ್ನೂ ಅವರು ಹೇಳಲಿಲ್ಲ. ಅಧಿಕಾರಿಗಳು ಮೊದಲ ಪೆನ್ನು ತೆಗೆದರು.

“ವರದಿಗೆ ನಾನು ಸಹಿ ಹಾಕೋದಕ್ಕೆ ಮುಂಚೆ ಇದಕ್ಕೆ ವಾರಸುದಾರರು ಯಾರಾದ್ರೂ ಇದ್ದರೆ ಸರಿ. ಇಲ್ಲದಿದ್ರೆ ಸೋಮವಾರದಿಂದ ನೀವು ಟೈರ್ ಗೋದಾಮು. ಇದಾರೇನ್ರೀ ವಾರಸುದಾರರು?”

ಭಾವ ತಲೆ ಎತ್ತಿ ಕಪಾಟುಗಳನ್ನು ನೋಡಿದರು. ಕೊಡೆಗಳನ್ನು, ಕನ್ನಡಕಗಳನ್ನು, ತಬಲವನ್ನು ಒಂದೊಂದಾಗಿ ನೋಡಿದರು. ಆಮೇಲೆ ಬಾಗಿಲಲ್ಲಿ ನಿಂತ ಅಕ್ಕನನ್ನು ಕಂಡು, ಏನೂ ಆಗಿಲ್ಲವೆಂಬಂತೆ ಕೈಸನ್ನೆಯಲ್ಲೇ ಡಬ್ಬಿ ಅಲ್ಲಿಡು ಎಂದರು.

“ಯಾರೂ ಇಲ್ಲ ಸಾರ್.”

ಅಕ್ಕ ಡಬ್ಬಿಯನ್ನು ನನ್ನ ಕೈಗೆ ಕೊಟ್ಟಳು. ಒಂದು ಕ್ಷಣ ಕೊರಡನ್ನು ನೋಡಿದಳು. ಅವಳು ಏನು ನೆನೆಯುತ್ತಿದ್ದಳೆಂದು ನನಗೆ ಗೊತ್ತು, ಅವಳು ನೆನೆಯುತ್ತಿದ್ದದ್ದು ಆ ಕುರ್ಚಿಯನ್ನು. ಉದ್ದನೆಯ ಉಸಿರು ಬಿಟ್ಟು ಒಳಗೆ ನಡೆದಳು.

“ಅದು ನಂದು.”

“ಯಾವುದಮ್ಮ?”

“ಆ ಕೊರಡು. ನಮ್ಮ ಹಿತ್ತಲಿಂದು.”

ಅಧಿಕಾರಿಗಳು ಗೋಣಿಯನ್ನು ಎಳೆದು ಕೊರಡು ಕಾಣದಂತೆ ಮುಚ್ಚಿದರು. “ಎಲ್ಲರೂ ನಂದೇ ಅಂತಾರೆ. ಗುರುತು ಹೇಳಿ.”

“ಉದ್ದ ನಮ್ಮ ಮನೆಯವರಷ್ಟು. ತೂಕಾನೂ ಹೆಚ್ಚುಕಮ್ಮಿ ಅಷ್ಟೇ. ಭಾನುವಾರ ಬೆಳಗ್ಗೆ ಇಬ್ಬರನ್ನೂ ಜಾಗ ಬಿಟ್ಟು ಅಲುಗಾಡಿಸೋಕಾಗಲ್ಲ.”

ಅಧಿಕಾರಿಗಳು ಟೇಪು ತೆಗೆದು ಕೊರಡನ್ನು ಅಳೆದರು. ಆಮೇಲೆ ಭಾವನನ್ನು ಅಳೆದರು. ತಲೆದೂಗಿದರು.

“ಇನ್ನೇನಾದ್ರೂ?”

“ದಪ್ಪ ತುದೀಲಿ ಆರು ಕೊಡಲಿ ಏಟು. ಹನ್ನೊಂದು ವರ್ಷದಲ್ಲಿ ಆರು. ಆರನೇ ಏಟಿಗೆ ಇವರ ಸೊಂಟ ಹಿಡ್ಕೊಂಡಿತ್ತು.”

ಗೋಣಿಯ ತುದಿ ಎತ್ತಿ ಎಣಿಸಿದರು. ಆರೇ ಇದ್ದವು.

“ಎಡಗಡೆ ಒಂದು ಗಂಟಿದೆ, ಚೂಪಾಗಿ. ನನ್ನ ಹೆಬ್ಬೆರಳಿನ ಉಗುರು ಎರಡು ಸಲ ಕಿತ್ತದ್ದು ಅದೇ. ಕತ್ತಲಲ್ಲೂ ಗುರುತು ಹಿಡೀತೀನಿ ಅದನ್ನ.”

“ಸರಿ. ಅಣಬೆ ಎಷ್ಟು?”

ಗುಡಿಸುವ ಹೆಂಗಸು ಅಕ್ಕನ ಕಡೆ ಬೆರಳೆತ್ತಿ ಲೆಕ್ಕ ತೋರಿಸಲು ನೋಡಿದಳು, ಮೂವತ್ತಾರಕ್ಕೆ ಅವಳ ಬೆರಳು ಸಾಲಲಿಲ್ಲ.

“ನನಗೆ ಗೊತ್ತಿಲ್ಲ ಸ್ವಾಮಿ,” ಎಂದಳು ಅಕ್ಕ. “ನಿಮಗೂ ಗೊತ್ತಿಲ್ಲ. ನೀವು ಎಣಿಸಿ ಬರೆಯೋಷ್ಟರಲ್ಲಿ ಇನ್ನೊಂದು ತಲೆ ಎತ್ತಿರುತ್ತೆ. ನಾನು ಕೊರಡಿಗೆ ವಾರಸುದಾರಳು, ಅಣಬೆಗಳು ಕೊರಡಿಗೆ ಹುಟ್ಟಿದವು. ಮನೇಲಿ ಮಕ್ಕಳು ಜಾಸ್ತಿ ಆದ್ರು ಅಂತ ಯಾರಾದ್ರೂ ಯಜಮಾನನನ್ನ ಟೈರ್ ಗೋದಾಮಿಗೆ ಕಳಿಸ್ತಾರಾ?”

ಅಧಿಕಾರಿಗಳು ಮೊದಲ ಪೆನ್ನನ್ನು ಮುಚ್ಚಿ ಜೇಬಿಗಿಟ್ಟರು. ಅವರ ಮುಖದಲ್ಲಿ ಒಂದು ಗೆರೆ ಸಡಿಲವಾಯಿತು. “ಇಷ್ಟು ಕರಾರುವಾಕ್ಕಾಗಿ ಗುರುತು ಹೇಳಿದವರನ್ನ ನಾನು ಈವರೆಗೆ ನೋಡಿಲ್ಲಮ್ಮ. ಇಷ್ಟು ಅಕ್ಕರೆಯ ವಸ್ತೂನ ಕಳ್ಕೊಂಡು ಮೂರು ದಿನ ಹೇಗೆ ಇದ್ರಿ?”

“ಕಷ್ಟಪಟ್ಟು ಇದ್ದೆ,” ಎಂದಳು ಅಕ್ಕ ಹಲ್ಲು ಕಚ್ಚಿ.

ಸಹಿ ಹಾಕುವ ಮೊದಲು ವಾರಸುದಾರರು ಒಂದು ಮುಚ್ಚಳಿಕೆಯನ್ನು ಗಟ್ಟಿಯಾಗಿ ಓದಬೇಕೆಂಬ ನಿಯಮವಿದೆ. ಭಾವ ಹಾಳೆ ಕೊಟ್ಟರು. ಅಕ್ಕ ಓದಿದಳು.

“‘ಸದರಿ ವಸ್ತುವು ನನ್ನದೆಂದೂ, ಅದು ಮರಳಿ ದೊರೆತದ್ದಕ್ಕೆ ನನಗೆ ಸಂತೋಷವಾಗಿದೆಯೆಂದೂ, ಇನ್ನು ಮುಂದೆ ಅದನ್ನು ಎಲ್ಲಿಯೂ ಬಿಟ್ಟುಹೋಗದೆ, ಎಸೆಯದೆ, ಅದರ ಕುಂದುಕೊರತೆಗಳ ಸಹಿತ ಜೋಪಾನವಾಗಿ ಇಟ್ಟುಕೊಳ್ಳುತ್ತೇನೆಂದೂ ಈ ಮೂಲಕ ಒಪ್ಪಿರುತ್ತೇನೆ.’”

ಕೊರಡಿನ ಮೇಲೆ ಶುರುವಾದ ಅವಳ ದೃಷ್ಟಿ ‘ಕುಂದುಕೊರತೆ’ಯ ಹೊತ್ತಿಗೆ ಭಾವನ ಮೇಲೆ ಬಂದು ನಿಂತಿತ್ತು. ಭಾವ ಆಗಲೇ ಡ್ರಾಯರು ಎಳೆದು ಕರವಸ್ತ್ರ ಹುಡುಕುತ್ತಿದ್ದರು. ಅಧಿಕಾರಿಗಳು ಎರಡನೇ ಪೆನ್ನು ತೆಗೆದು ‘ವ್ಯತ್ಯಾಸ: ಇಲ್ಲ’ ಎಂದು ಬರೆದರು. ಗುಡಿಸುವ ಹೆಂಗಸು ಚಪ್ಪಾಳೆ ತಟ್ಟಿದಳು, ಹೊರಗೆ ನಿಂತಿದ್ದ ಮೂವರು ಕಂಡಕ್ಟರುಗಳೂ ಯಾಕೆಂದು ತಿಳಿಯದೆ ತಟ್ಟಿದರು.

ಅದೇ ತಳ್ಳುಗಾಡಿ, ಅದೇ ದಾರಿ, ಈ ಸಲ ಗೋಣಿ ಹೊದಿಸಿರಲಿಲ್ಲ. ಮೂವತ್ತಾರೋ ಮೂವತ್ತೇಳೋ ಟೋಪಿಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಹಿತ್ತಲಲ್ಲಿ ಕುರ್ಚಿಯನ್ನು ಪಕ್ಕಕ್ಕೆ ಸರಿಸಿ, ಕೊರಡನ್ನು ಅದರ ಹಳೆಯ ಜಾಗದಲ್ಲೇ ಇಳಿಸಿದೆವು. ಭಾವ ಒಳಗೆ ಹೋದವರು ಕೊಡಲಿ ಹಿಡಿದು ಬಂದರು. ಅವರ ಕಣ್ಣಲ್ಲಿ ನಾನೆಂದೂ ಕಾಣದ ಪೌರುಷವಿತ್ತು.

“ಭಾನುವಾರ ಯಾಕೆ, ಈಗಲೇ ಕಡಿದುಹಾಕ್ತೀನಿ ಕಣೆ! ಸರ್ಕೊಳ್ರೋ ನೀವೆಲ್ಲ!”

ಅಕ್ಕ ಓಡಿ ಬಂದು ಕೊಡಲಿಯನ್ನು ಕಿತ್ತುಕೊಂಡಳು.

“ಮುಟ್ಟಿ ನೋಡೋಣ! ಸರ್ಕಾರದ ಮುಂದೆ ಸಹಿ ಹಾಕಿದೋಳು ನಾನು ರೀ. ಎಲ್ಲಾ ಕುಂದುಕೊರತೆ ಸಹಿತ ಜೋಪಾನ ಮಾಡ್ತೀನಿ ಅಂತ ಒಪ್ಕೊಂಡು ತಂದಿದ್ದೀನಿ.”

ಅವಳು ಕುರ್ಚಿಯನ್ನು ಮಡಚಿ ಗೋಡೆಗೆ ಒರಗಿಸಿದಳು. ಕೊರಡಿನ ಮೇಲೆ ಕೂತು, ಪಕ್ಕದ ಜಾಗವನ್ನು ಕೈಯಿಂದ ಒರೆಸಿ, “ಬನ್ನಿ, ಇಲ್ಲಿ ಕೂತ್ಕೊಂಡು ಊಟ ಮಾಡಿ, ಡಬ್ಬಿ ಇನ್ನೂ ತೆರೆದೇ ಇಲ್ಲ,” ಎಂದಳು.